ಪರದೇಶದ ಪೆಟ್ಟಿಗೆ, ಹುಮನಾಬಾದಿನ ವಿದ್ಯುತ್ತು

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಹುಮನಾಬಾದನ್ನು ಹಾಯ್ದು ಹೋಗುತ್ತದೆ. ಹೈದರಾಬಾದಿನ ಕಡೆಯಿಂದ ಬರುವ ಬಸ್ಸುಗಳಿಂದ ಇಲ್ಲಿಯೂ, ಮುಂದೆ ಬಸವಕಲ್ಯಾಣಕ್ಕೆ ತಿರುಗುವ ದಾರಿಯಲ್ಲಿಯೂ ಇಳಿಯುವ ಪ್ರಯಾಣಿಕರಲ್ಲಿ ಒಂದು ವರ್ಗದವರನ್ನು ಗುರುತಿಸುವುದು ಬಲು ಸುಲಭ. ಅವರ ಜೊತೆಯಲ್ಲಿ ಹಗ್ಗದಿಂದ ಬಿಗಿದ ರಟ್ಟಿನ ಪೆಟ್ಟಿಗೆಗಳಿರುತ್ತವೆ. ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದ ಹೆಸರು, ಊರು. ಬದಿಯಲ್ಲಿ ವಿಮಾನದವರು ಅಂಟಿಸಿದ ಚೀಟಿ. ದುಬೈ, ಶಾರ್ಜಾ, ಜೆಡ್ಡಾ, ರಿಯಾದ್, ಕುವೈತ್ ಮೊದಲಾದ ಕಡೆಗಳಲ್ಲಿ ಎರಡೋ ನಾಲ್ಕೋ ವರ್ಷ ದುಡಿದು ರಜೆಗೆಂದು ಮರಳುವವರು ಇವರು. ಹಜ್ ಯಾತ್ರೆ ಮುಗಿಸಿ ಬರುವವರೂ ಉಂಟು. ಈಚಿನ ವರ್ಷಗಳಲ್ಲಿ, ಅಮೆರಿಕದಲ್ಲಿ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವ ಮಕ್ಕಳನ್ನು ನೋಡಿಕೊಂಡು ಬರುವ ತಂದೆತಾಯಿಗಳೂ ಉಂಟು.

ಪೆಟ್ಟಿಗೆಯಲ್ಲಿ ಏನಿದೆ ಎಂಬುದನ್ನು ಓಣಿಯ ಮಕ್ಕಳೂ ಊಹಿಸಬಲ್ಲರು. ಒಂದು ಕಾಲಕ್ಕೆ ಅದು ರೇಡಿಯೋ ಮತ್ತು ಕ್ಯಾಸೆಟ್ ಎರಡನ್ನೂ ಒಳಗೊಂಡ ‘ಟೂ ಇನ್ ಒನ್’ ಆಗಿತ್ತು; ಆಮೇಲೆ ಬಣ್ಣದ ಟಿ.ವಿ.; ಈಗ ಮೊಬೈಲು, ಲ್ಯಾಪ್‌ಟಾಪು, ಇಸ್ತ್ರಿಪೆಟ್ಟಿಗೆ, ಮೈಕ್ರೋವೇವ್ ಒಲೆ. ಪೆಟ್ಟಿಗೆಯನ್ನು ಬಿಚ್ಚುವಾಗ ಮೊದಲು ಕೇಳಿಬರುವ ಮಾತು, ಅದು ಅಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕಿತು ಎಂಬುದು. ಅದು ಸಹಜವೇ. ಬಿಸಿಲಿನಲ್ಲಿ ಬೆವರು ಸುರಿಸಿ ಉಳಿಸಿದ ಹಣದಲ್ಲಿ ಕೊಂಡ ವಸ್ತು ಅದು. ಆದರೆ ಬೆಲೆ ಎಂಬುದು ಒಂದೇ ಸಂಖ್ಯೆ. ಯಂತ್ರದ ಬೆನ್ನಿನ ಮೇಲೆ, ಇರುವೆಯ ಗಾತ್ರದ ಅಕ್ಷರಗಳಲ್ಲಿ, ಇನ್ನೂ ಮೂರು ನಾಲ್ಕು ಸಂಖ್ಯೆಗಳಿರುತ್ತವೆ. ಆ ಯಂತ್ರವು ಹುಮನಾಬಾದಿನ ಮನೆಯಲ್ಲಿ ಬಾಳುವುದೇ, ಅಥವಾ ಮೊದಲ ದಿನವೇ ಹೊಗೆಯಾಡುವುದೇ ಎಂಬುದನ್ನು ನಿರ್ಣಯಿಸುವುದು ಬೆಲೆಯಲ್ಲ, ಆ ಸಂಖ್ಯೆಗಳು. ಅವುಗಳನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು, ಅಲ್ಲಿ ಅಗ್ಗವೇಕೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ದುಬೈಯು ಸ್ವತಃ ಮೊಬೈಲನ್ನು ತಯಾರಿಸಿ ಅಗ್ಗ ಮಾಡಿದ ಊರಲ್ಲ. ಹಲವು ದೇಶಗಳ ಸರಕು ಬಂದಿಳಿದು ಮತ್ತೆ ಹಲವು ದೇಶಗಳಿಗೆ ಹೋಗುವ ಬಂದರು. ಜೆಬೆಲ್ ಅಲಿಯ ಮುಕ್ತ ವಲಯವು 1985ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಸುಂಕ ಕಡಿಮೆ. ಮಾರಾಟದ ಮೇಲಿನ ತೆರಿಗೆ 2018ರ ಜನವರಿಯವರೆಗೆ ಇರಲೇ ಇಲ್ಲ, ಆಗ ಬಂದದ್ದು ನೂರಕ್ಕೆ 5ರಂತೆ. ನಮ್ಮಲ್ಲಿ ಮೊಬೈಲಿನ ಮೇಲಿನ ಜಿ.ಎಸ್.ಟಿ. 2020ರ ಏಪ್ರಿಲಿನಿಂದ ನೂರಕ್ಕೆ 18. ದೊಡ್ಡ ಪರದೆಯ ಟಿ.ವಿ.ಗಳ ಮೇಲೆ 28 ಇದ್ದುದು 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿಯಿತು. ಅಗ್ಗದ ಬಹುಭಾಗವು ಈ ತೆರಿಗೆಗಳ ಅಂತರ, ಅಷ್ಟೆ. ಹಳೆಯ ದೇರಾದ ಇಕ್ಕಟ್ಟಾದ ಅಂಗಡಿಸಾಲುಗಳಲ್ಲಾಗಲಿ, 2004ರಲ್ಲಿ ತೆರೆದ ಡ್ರ್ಯಾಗನ್ ಮಾರ್ಟಿನಲ್ಲಾಗಲಿ, 2008ರಲ್ಲಿ ತೆರೆದ ದುಬೈ ಮಾಲಿನ ಹೊಳೆಯುವ ನೆಲದ ಮೇಲಾಗಲಿ, ಒಂದೇ ಕಪಾಟಿನಲ್ಲಿ ಬೇರೆ ಬೇರೆ ದೇಶಗಳಿಗಾಗಿ ತಯಾರಾದ ವಸ್ತುಗಳು ಒಟ್ಟಿಗೆ ಕುಳಿತಿರಬಹುದು. ವಿಷಯ ತೊಡಕಾಗುವುದು ಇಲ್ಲಿಯೇ.

ಬೆನ್ನಿನ ಬರಹದಲ್ಲಿ ಮೊದಲನೆಯ ಸಂಖ್ಯೆ ವೋಲ್ಟ್. ವಿದ್ಯುತ್ತನ್ನು ತಂತಿಯಲ್ಲಿ ನೂಕುವ ಒತ್ತಡದ ಅಳತೆ ಇದು. ಎತ್ತರದ ತೊಟ್ಟಿಯಿಂದ ಇಳಿಯುವ ನೀರು ನಲ್ಲಿಯಲ್ಲಿ ರಭಸದಿಂದ ಬರುವಂತೆ, ಹೆಚ್ಚು ವೋಲ್ಟು ಇದ್ದರೆ ಅದೇ ತಂತಿಯಲ್ಲಿ ಹೆಚ್ಚು ಪ್ರವಾಹ ಹರಿಯುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅಮೆರಿಕದಲ್ಲಿ 120, ಜಪಾನಿನಲ್ಲಿ 100. ದುಬೈ, ಕುವೈತ್, ಕತಾರ್, ಒಮಾನ್, ಬಹ್ರೇನ್‌ಗಳಲ್ಲಿ ಸುಮಾರಾಗಿ ನಮ್ಮಷ್ಟೇ. ಸೌದಿ ಅರೇಬಿಯದ ಸಂಗತಿ ಬೇರೆ. ಅಲ್ಲಿ ಬಹುಕಾಲ ಒಂದೇ ಮನೆಯಲ್ಲಿ ಎರಡು ಒತ್ತಡಗಳಿದ್ದವು: ದೀಪಕ್ಕೂ ಸಣ್ಣ ಯಂತ್ರಗಳಿಗೂ 127 ವೋಲ್ಟ್, ಏರ್ ಕಂಡೀಷನರಿನಂತಹ ದೊಡ್ಡವಕ್ಕೆ 220. ಎಲ್ಲವನ್ನೂ ಕ್ರಮೇಣ 230ಕ್ಕೆ ತರುವ ನಿರ್ಧಾರವಾದದ್ದು 2010ರಲ್ಲಿ. ಆದುದರಿಂದ ಜೆಡ್ಡಾದ ಹಳೆಯ ಕಟ್ಟಡವೊಂದರಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದ ಇಸ್ತ್ರಿಪೆಟ್ಟಿಗೆಯು ಹುಮನಾಬಾದಿನಲ್ಲಿ ನಡೆಯಲೇಬೇಕೆಂಬ ನಿಯಮವಿಲ್ಲ.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ಅಂಗಡಿಯಿಂದ ತಂದ, 120 ವೋಲ್ಟಿನ, 1,000 ವಾಟಿನ ಇಸ್ತ್ರಿಪೆಟ್ಟಿಗೆ ಇದೆಯೆನ್ನಿ. ಅದರಲ್ಲಿ ಹರಿಯಬೇಕಾದ ಪ್ರವಾಹ 1,000ವನ್ನು 120ರಿಂದ ಭಾಗಿಸಿದಷ್ಟು, ಎಂದರೆ 8.33 ಆಂಪಿಯರ್. ಓಮನ ನಿಯಮದಂತೆ ಅದರ ತಂತಿಯ ರೋಧ 120 ಭಾಗಿಸು 8.33, ಎಂದರೆ 14.4 ಓಮ್. ತಂತಿಯು ಪರದೇಶದಲ್ಲಿದ್ದರೂ ನಮ್ಮೂರಿನಲ್ಲಿದ್ದರೂ ತಂತಿಯೇ. ಅದರ ರೋಧ ಬದಲಾಗದು. ಈಗ ಅದನ್ನು 230 ವೋಲ್ಟಿಗೆ ಜೋಡಿಸಿದರೆ ಹರಿಯುವ ಪ್ರವಾಹ 230 ಭಾಗಿಸು 14.4, ಸುಮಾರು 16 ಆಂಪಿಯರ್. ಹುಟ್ಟುವ ಶಾಖ 230ನ್ನು 16ರಿಂದ ಗುಣಿಸಿದಷ್ಟು: ಸುಮಾರು 3,670 ವಾಟ್. ವೋಲ್ಟು ಇಮ್ಮಡಿಗಿಂತ ಸ್ವಲ್ಪ ಕಡಿಮೆ ಹೆಚ್ಚಿದೆ, ಶಾಖವಾದರೋ ಮೂರೂವರೆ ಪಟ್ಟಿಗೂ ಮೀರಿ ಹೆಚ್ಚಿದೆ. ಒತ್ತಡದ ವರ್ಗಕ್ಕೆ ಅನುಗುಣವಾಗಿ ಶಾಖ ಬೆಳೆಯುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದುವ ಮಾತಿನ ಅರ್ಥ ಇದು. ಶಾಖ ನಿಯಂತ್ರಕವು ಕೂಡಲೇ ಪ್ರವಾಹವನ್ನು ಕಡಿದು ಪೆಟ್ಟಿಗೆಯನ್ನು ಉಳಿಸಲೂಬಹುದು. ಆದರೆ 8 ಆಂಪಿಯರಿಗಾಗಿ ಮಾಡಿದ ಅದರ ಸ್ಪರ್ಶಬಿಂದುಗಳು 16 ಆಂಪಿಯರನ್ನು ಎಷ್ಟು ಸಲ ತಾಳಿಯಾವು? ವಿರುದ್ಧವಾಗಿ, ನಮ್ಮ 230 ವೋಲ್ಟಿನ ಇಸ್ತ್ರಿಪೆಟ್ಟಿಗೆಯನ್ನು ಅಮೆರಿಕಕ್ಕೆ ಕೊಂಡೊಯ್ದರೆ ಏನೂ ಸುಡುವುದಿಲ್ಲ. ಅದು ಕಾಲುಭಾಗದಷ್ಟು ಮಾತ್ರ ಬಿಸಿಯಾಗಿ ಬಟ್ಟೆಯ ಸುಕ್ಕನ್ನು ಹಾಗೆಯೇ ಬಿಡುತ್ತದೆ.

ಎರಡನೆಯ ಸಂಖ್ಯೆ ಹರ್ಟ್ಸ್. ಕೊಳ್ಳುವವರು ಇದನ್ನು ನೋಡುವುದೇ ಅಪರೂಪ. ಆದರೆ ಸೌದಿಯಿಂದ ಬರುವ ಪೆಟ್ಟಿಗೆಗಳಲ್ಲಿ ನಿಜವಾಗಿ ನೋಡಬೇಕಾದದ್ದು ಇದನ್ನೇ. ಮನೆಯ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಗಡಿಯಾರದ ಲೋಲಕದಂತೆ ಹೋಗಿ ಬರುತ್ತದೆ. ನಮ್ಮಲ್ಲಿ ಸೆಕೆಂಡಿಗೆ 50 ಸಲ, ಅಮೆರಿಕದಲ್ಲಿ 60 ಸಲ. ಈ ವ್ಯತ್ಯಾಸಕ್ಕೆ ಪ್ರಕೃತಿಯಲ್ಲಿ ಕಾರಣವನ್ನು ಹುಡುಕಬೇಕಾಗಿಲ್ಲ, ಕಾರಣ ಚರಿತ್ರೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪೆನಿ 60ನ್ನು ಆರಿಸಿಕೊಂಡಿತು, ಬರ್ಲಿನ್ನಿನ ಎ.ಇ.ಜಿ. ಕಂಪೆನಿ 50ನ್ನು ಆರಿಸಿಕೊಂಡಿತು. ಯಾರು ಯಾರಿಂದ ಯಂತ್ರ ತರಿಸಿದರೋ ಅವರಿಗೆ ಆ ಸಂಖ್ಯೆ ಅಂಟಿಕೊಂಡಿತು. ಟೋಕಿಯೋ ನಗರವು 1895ರಲ್ಲಿ ಜರ್ಮನಿಯಿಂದಲೂ ಒಸಾಕಾ 1896ರಲ್ಲಿ ಅಮೆರಿಕದಿಂದಲೂ ಜನರೇಟರುಗಳನ್ನು ತರಿಸಿದ್ದರಿಂದ ಜಪಾನ್ ದೇಶ ಇಂದಿಗೂ ಎರಡಾಗಿ ಒಡೆದಿದೆ: ಪೂರ್ವದಲ್ಲಿ 50, ಪಶ್ಚಿಮದಲ್ಲಿ 60. ನಮ್ಮ ನಾಡಿನಲ್ಲೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 50ರದೂ ಅಲ್ಲ, 60ರದೂ ಅಲ್ಲ. ಅದು ಸೆಕೆಂಡಿಗೆ 25 ಆವರ್ತಗಳದು. ಅಮೆರಿಕದ ತೈಲ ಕಂಪೆನಿಗಳೊಡನೆ ಬೆಳೆದ ಸೌದಿ ಅರೇಬಿಯದಲ್ಲಿ 60 ನೆಲೆಯೂರಿತು. ಸುತ್ತಲಿನ ಕೊಲ್ಲಿ ರಾಷ್ಟ್ರಗಳಲ್ಲೆಲ್ಲ 50. ಇದರ ತೊಂದರೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. 2009ರಲ್ಲಿ ಕೊಲ್ಲಿ ರಾಷ್ಟ್ರಗಳ ವಿದ್ಯುಜ್ಜಾಲಗಳನ್ನು ಒಂದಕ್ಕೊಂದು ಜೋಡಿಸಿದಾಗ ಸೌದಿಯ ಜಾಲವನ್ನು ನೇರವಾಗಿ ಸೇರಿಸಲಾಗಲಿಲ್ಲ. ಅಲ್ ಫಾದಿಲಿ ಎಂಬಲ್ಲಿ ಒಂದು ದೊಡ್ಡ ಕೇಂದ್ರವನ್ನು ಕಟ್ಟಿ, ಬರುವ ವಿದ್ಯುತ್ತನ್ನು ಮೊದಲು ಏಕಮುಖ ಪ್ರವಾಹವಾಗಿ ಮಾಡಿ, ಮತ್ತೆ ಬೇಕಾದ ಆವರ್ತಕ್ಕೆ ತಿರುಗಿಸಬೇಕಾಯಿತು. ದೇಶದೇಶಗಳೇ ಇಷ್ಟು ಶ್ರಮ ಪಟ್ಟ ಕೆಲಸವನ್ನು ನಮ್ಮ ಫ್ರಿಜ್ಜು ತಾನಾಗಿ ಮಾಡಿಕೊಳ್ಳಲೆಂದು ನಾವು ನಿರೀಕ್ಷಿಸುತ್ತೇವೆ.

ಹತ್ತು ಆವರ್ತಗಳ ವ್ಯತ್ಯಾಸದಿಂದ ಆಗುವುದಾದರೂ ಏನು? ಫ್ರಿಜ್ಜಿನ ಮೋಟಾರಿನಲ್ಲಿ, ಹಾಗೆಯೇ ಟ್ರಾನ್ಸ್‌ಫಾರ್ಮರಿನಲ್ಲಿ, ತಾಮ್ರದ ಸುರುಳಿಯೊಳಗೆ ಕಬ್ಬಿಣದ ತಿರುಳಿರುತ್ತದೆ. ವಿದ್ಯುತ್ತು ಒಂದು ಕಡೆಗೆ ತೂಗುತ್ತಿರುವಷ್ಟು ಹೊತ್ತೂ ಆ ಕಬ್ಬಿಣದಲ್ಲಿ ಕಾಂತತ್ವ ಬೆಳೆಯುತ್ತ ಹೋಗುತ್ತದೆ. ತೂಗು ತಿರುಗಿದಾಗ ಇಳಿಯುತ್ತದೆ. 60 ಹರ್ಟ್ಸಿನಲ್ಲಿ ಒಂದು ತೂಗಿಗೆ ಸಿಗುವ ಕಾಲ ಸೆಕೆಂಡಿನ 120ರಲ್ಲಿ ಒಂದು ಪಾಲು. 50 ಹರ್ಟ್ಸಿನಲ್ಲಿ 100ರಲ್ಲಿ ಒಂದು ಪಾಲು. ಕಾಲ ಹೆಚ್ಚಾದುದರಿಂದ ಕಾಂತತ್ವವೂ ಐದನೆಯ ಒಂದರಷ್ಟು ಹೆಚ್ಚಾಗಿ ತುಂಬುತ್ತದೆ. ಜೊತೆಗೆ ವೋಲ್ಟೂ 220ರ ಬದಲು 230 ಇದ್ದರೆ ಒಟ್ಟು ಹೆಚ್ಚಳ ನೂರಕ್ಕೆ 25. ನೀರು ಹೀರಿ ತುಂಬಿದ ಸ್ಪಂಜು ಮತ್ತಷ್ಟು ನೀರನ್ನು ಹಿಡಿಯಲಾರದಂತೆ, ಕಬ್ಬಿಣವೂ ಒಂದು ಮಿತಿಯನ್ನು ದಾಟಿ ಕಾಂತತ್ವವನ್ನು ಹಿಡಿಯಲಾರದು. ಮಿತಿ ಮುಟ್ಟಿದೊಡನೆ ಸುರುಳಿಯಲ್ಲಿ ಪ್ರವಾಹವು ಒಮ್ಮೆಗೇ ಏರುತ್ತದೆ, ಯಂತ್ರ ಗುಂಯ್ಗುಡುತ್ತದೆ, ಸುರುಳಿಯ ಮೇಲಿನ ವಾರ್ನಿಷು ಕರಗಿ ಒಂದು ಬಗೆಯ ಸುಟ್ಟ ವಾಸನೆ ಹೊರಡುತ್ತದೆ. ಇದು ಒಂದೇ ದಿನದಲ್ಲಿ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ಚೆನ್ನಾಗಿಯೇ ನಡೆದ ಯಂತ್ರ ಏಪ್ರಿಲಿನ ಸೆಕೆಯಲ್ಲಿ ಸಾಯುವುದುಂಟು. ಆಗ ಎಲ್ಲರೂ ಬೈಯುವುದು ತಯಾರಕನನ್ನು.

ಮೋಟಾರಿನ ವೇಗವೂ ಕುಂದುತ್ತದೆ. 60 ಹರ್ಟ್ಸಿನಲ್ಲಿ ನಿಮಿಷಕ್ಕೆ 1,800 ಸುತ್ತುವ ಕಾಂತಕ್ಷೇತ್ರವು 50ರಲ್ಲಿ 1,500 ಸುತ್ತುತ್ತದೆ. ವಿದ್ಯುತ್ತಿನ ಆವರ್ತಗಳನ್ನು ಎಣಿಸಿಯೇ ಕಾಲ ತೋರಿಸುವ ಅಮೆರಿಕದ ಮೇಜುಗಡಿಯಾರವು ನಮ್ಮಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಹಳೆಯ ಬಗೆಯ ಮೈಕ್ರೋವೇವ್ ಒಲೆಯಲ್ಲಿ ಇರುವ ಭಾರವಾದ ಟ್ರಾನ್ಸ್‌ಫಾರ್ಮರು ಇದೇ ಕಾರಣದಿಂದ ಬೇಗ ಕಾಯುತ್ತದೆ. ಇಂತಹ ಯಂತ್ರಕ್ಕಾಗಿ 230ನ್ನು 110ಕ್ಕೆ ಇಳಿಸುವ ದೊಡ್ಡ ಟ್ರಾನ್ಸ್‌ಫಾರ್ಮರನ್ನು ಕೊಂಡು ತರುವವರಿದ್ದಾರೆ. ಅದು ವೋಲ್ಟನ್ನು ಮಾತ್ರ ಇಳಿಸುತ್ತದೆ. 50ನ್ನು 60 ಮಾಡುವ ಶಕ್ತಿ ಅದಕ್ಕಿಲ್ಲ. ಮಿಕ್ಸರಿನ ಮಾತು ಬೇರೆ: ಅದರ ಮೋಟಾರು ಕಾರ್ಬನ್ ಬ್ರಷ್ಷುಗಳಿಂದ ನಡೆಯುವ ಜಾತಿಯದು, ಆವರ್ತವನ್ನು ಅಷ್ಟಾಗಿ ಲೆಕ್ಕಿಸದು, ಅದಕ್ಕೆ ವೋಲ್ಟು ಸರಿಯಿದ್ದರೆ ಸಾಕು. ಈಗಿನ ‘ಇನ್ವರ್ಟರ್’ ಮಾದರಿಯ ಫ್ರಿಜ್ಜು ಮತ್ತು ಏರ್ ಕಂಡೀಷನರುಗಳು ಬಂದ ವಿದ್ಯುತ್ತನ್ನು ಒಳಗೇ ಏಕಮುಖವಾಗಿಸಿ ತಮಗೆ ಬೇಕಾದ ಆವರ್ತವನ್ನು ತಾವೇ ರಚಿಸಿಕೊಳ್ಳುತ್ತವೆ. ಅಲ್ ಫಾದಿಲಿಯ ಕೇಂದ್ರದ ಕೆಲಸವನ್ನೇ ಇವು ಅಂಗೈಯಗಲದ ಹಲಗೆಯ ಮೇಲೆ ಮಾಡುತ್ತವೆ ಎನ್ನಬಹುದು. ಆದರೂ ಬೆನ್ನಿನ ಮೇಲೆ ‘50/60’ ಎಂದು ಬರೆದಿದ್ದರೆ ಮಾತ್ರ ನಂಬಬೇಕು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳಿಗೆ ಇಷ್ಟೆಲ್ಲ ತಂಟೆಯಿರುವಾಗ ಮೊಬೈಲಿನ ಚಾರ್ಜರು ಮಾತ್ರ ದುಬೈಯಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಹುಮನಾಬಾದಿನಲ್ಲಿಯೂ ಒಂದೇ ಸಮನೆ ನಡೆಯುವುದು ಹೇಗೆ? ಅದರ ಮೇಲೆ ‘100–240 ವೋಲ್ಟ್, 50/60 ಹರ್ಟ್ಸ್’ ಎಂದು ಬರೆದಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜರಿನ ಮೇಲೆಯೂ ಹಾಗೆಯೇ. ಇದರ ಒಳಗಿನ ಉಪಾಯ ಮನೋಹರವಾದದ್ದು. ಫ್ರಿಜ್ಜನ್ನು ಸುಟ್ಟ ತತ್ತ್ವವನ್ನೇ ಇದು ತಲೆಕೆಳಗು ಮಾಡಿ ಬಳಸಿಕೊಂಡಿದೆ.

ಒಂದು ತೂಗಿಗೆ ಸಿಗುವ ಕಾಲ ಹೆಚ್ಚಾದರೆ ಕಾಂತತ್ವ ಹೆಚ್ಚು ತುಂಬುತ್ತದೆ, ಆದುದರಿಂದ ದೊಡ್ಡ ಕಬ್ಬಿಣ ಬೇಕು ಎಂದೆವಷ್ಟೆ. ಹಾಗಾದರೆ ಆ ಕಾಲವನ್ನು ಸಾವಿರಪಾಲು ಕಡಮೆ ಮಾಡಿದರೆ? ಆಗ ತುಂಬುವ ಕಾಂತತ್ವವೂ ಅತ್ಯಲ್ಪ. ಕಡಲೆಬೀಜದಷ್ಟು ತಿರುಳೂ ಸಾಕಾದೀತು. ಚಾರ್ಜರು ಮಾಡುವುದು ಇದನ್ನೇ. ಗೋಡೆಯಿಂದ ಬಂದ ವಿದ್ಯುತ್ತನ್ನು ಮೊದಲು ಡಯೋಡುಗಳ ಮೂಲಕ ಒಂದೇ ದಿಕ್ಕಿಗೆ ತಿರುಗಿಸಿ ಒಂದು ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ನಮ್ಮ 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ. ಅದರ ಶಿಖರ 325. ಆದುದರಿಂದ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಅಮೆರಿಕದಲ್ಲಾದರೆ 170. ಹೀಗೆ ಕೂಡಿಟ್ಟ ಮೇಲೆ ಅದು 50ರದೋ 60ರದೋ ಎಂಬ ಗುರುತೇ ಅಳಿಸಿಹೋಗುತ್ತದೆ. ಆಮೇಲೆ ಒಂದು ಟ್ರಾನ್ಸಿಸ್ಟರು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಕೆಲವೊಮ್ಮೆ ಲಕ್ಷಕ್ಕೂ ಮಿಗಿಲಾಗಿ, ಕತ್ತರಿಸಿ ಕತ್ತರಿಸಿ ಚಿಕ್ಕದೊಂದು ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ಅದರ ಇನ್ನೊಂದು ಬದಿಯಲ್ಲಿ 5 ವೋಲ್ಟ್ ಸಿದ್ಧ. ಹೊರಬರುವ ಒತ್ತಡವನ್ನು ಒಂದು ಪುಟ್ಟ ಮಂಡಲವು ಸದಾ ಕಾಯುತ್ತಿರುತ್ತದೆ. ಒತ್ತಡ ಏರಿತೆಂದರೆ ಟ್ರಾನ್ಸಿಸ್ಟರು ಪ್ರತಿ ಸಲ ತೆರೆದಿರುವ ಅವಧಿಯನ್ನು ಕಿರಿದಾಗಿಸುತ್ತದೆ, ಇಳಿಯಿತೆಂದರೆ ಹಿರಿದಾಗಿಸುತ್ತದೆ. ಸಂಜೆಯ ಹೊತ್ತು ಪಂಪುಸೆಟ್ಟುಗಳೆಲ್ಲ ನಡೆಯುತ್ತ ಹಳ್ಳಿಯ ವೋಲ್ಟು ಕುಸಿದು ಟ್ಯೂಬ್‌ಲೈಟು ಮಿನುಕಾಡುತ್ತಿರುವಾಗಲೂ ಮೊಬೈಲು ಚಾರ್ಜಾಗುತ್ತಿರುವುದು ಇದರಿಂದಲೇ.

ಆದರೆ ಈ ಜಾಣತನವೆಲ್ಲ ಎಲ್ಲ ವಿದ್ಯುನ್ಮಾನ ಯಂತ್ರಗಳಲ್ಲಿಯೂ ಇರುತ್ತದೆಂದು ಭಾವಿಸಬಾರದು. ಅಮೆರಿಕದ ಮಾರುಕಟ್ಟೆಗೆಂದೇ ಮಾಡಿದ ಆಟದ ಯಂತ್ರ, ಸ್ಪೀಕರು, ಪ್ರಿಂಟರುಗಳಲ್ಲಿ ಕೆಲವಕ್ಕೆ ‘100–127’ ಎಂದಷ್ಟೇ ಬರೆದಿರುತ್ತದೆ. ಹಳೆಯ ಮೇಜು ಕಂಪ್ಯೂಟರುಗಳ ಬೆನ್ನಿನಲ್ಲಿ 115, 230 ಎಂಬ ಗುರುತುಳ್ಳ ಕೆಂಪು ಸ್ವಿಚ್ಚು ಇರುತ್ತಿತ್ತು. 115ರ ಸ್ಥಾನದಲ್ಲಿ ಒಳಗಿನ ಮಂಡಲವು ಬಂದ ಒತ್ತಡವನ್ನು ಇಮ್ಮಡಿಸಿಕೊಳ್ಳುತ್ತದೆ. ಅದನ್ನು ಸರಿಸಲು ಮರೆತು ನಮ್ಮ ಗೋಡೆಗೆ ಜೋಡಿಸಿದರೆ ಕೆಪಾಸಿಟರುಗಳ ಮೇಲೆ 650 ವೋಲ್ಟ್ ಬೀಳುತ್ತದೆ. ಅವು ಪಟಾಕಿಯಂತೆ ಸಿಡಿಯುತ್ತವೆ.

ಇನ್ನು ಪ್ಲಗ್ಗಿನ ವಿಚಾರ. ದುಬೈ, ಕುವೈತ್, ಕತಾರ್ ಮೊದಲಾದ ಕಡೆ ಬಳಕೆಯಲ್ಲಿರುವುದು ಚಪ್ಪಟೆಯಾದ ಮೂರು ಕಡ್ಡಿಗಳ ಬ್ರಿಟಿಷ್ ಪ್ಲಗ್ಗು. ನಮ್ಮ ದುಂಡು ಕಡ್ಡಿಯ ಪ್ಲಗ್ಗೂ ಬ್ರಿಟಿಷರದೇ, ಆದರೆ ಅವರ ಹಳೆಯ ಮಾದರಿ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಮನೆಯ ಸಾಕೆಟ್ಟುಗಳನ್ನೆಲ್ಲ ಒಂದೇ ಉಂಗುರದಂತೆ ತಂತಿಯಿಂದ ಸುತ್ತುವರಿಯುವ ಪದ್ಧತಿ ಬಂದಿತು. ಆ ಉಂಗುರದ ಫ್ಯೂಸು ದೊಡ್ಡದು. ಸಣ್ಣ ದೀಪದ ಎಳೆ ಸುಟ್ಟರೂ ಅದು ಹೋಗದು. ಆದುದರಿಂದ 1947ರ ಹೊಸ ಪ್ಲಗ್ಗಿನೊಳಗೇ ಪುಟ್ಟದೊಂದು ಫ್ಯೂಸನ್ನು ಇಟ್ಟರು: ಸಣ್ಣ ಯಂತ್ರಕ್ಕೆ 3 ಆಂಪಿಯರ್, ದೊಡ್ಡದಕ್ಕೆ 13. ನಾವು ಹಳೆಯ ಮಾದರಿಯಲ್ಲೇ ಉಳಿದೆವು. ಈಗ ಊರಿಗೆ ಬಂದವರು ಮಾಡುವ ಮೊದಲ ಕೆಲಸವೇನು? ಆ ಪ್ಲಗ್ಗನ್ನು ಕತ್ತರಿಸಿ ನಮ್ಮ ದುಂಡು ಕಡ್ಡಿಯ ಪ್ಲಗ್ಗನ್ನು ಹಾಕಿಸುವುದು. ಕತ್ತರಿಸಿದ ಪ್ಲಗ್ಗಿನೊಡನೆ ಯಂತ್ರದ ಎಳೆಯನ್ನು ಕಾಯುತ್ತಿದ್ದ ಫ್ಯೂಸೂ ಕಸದ ಬುಟ್ಟಿ ಸೇರುತ್ತದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುವ ಅಡಾಪ್ಟರು ಇದಕ್ಕಿಂತ ಮೇಲು. ಆದರೆ ಅಡಾಪ್ಟರು ಬದಲಾಯಿಸುವುದು ಕಡ್ಡಿಯ ಆಕಾರವನ್ನು ಮಾತ್ರ. 120 ವೋಲ್ಟಿನ ಯಂತ್ರವನ್ನು ಅಡಾಪ್ಟರಿನ ಮೂಲಕ 230ಕ್ಕೆ ಚುಚ್ಚುವುದು, ಟೋಪಿ ಬದಲಿಸಿಕೊಂಡೆವೆಂದು ನದಿಗೆ ಹಾರಿದಂತೆ.

ಪ್ಲಗ್ಗನ್ನು ಬದಲಿಸಲೇಬೇಕಾದರೆ ತಂತಿಗಳ ಬಣ್ಣವನ್ನು ಅರಿತಿರಬೇಕು. ಇದು ಜೀವದ ಪ್ರಶ್ನೆ. ನಮ್ಮ ಹಳೆಯ ಪದ್ಧತಿಯಲ್ಲಿ ಕೆಂಪು ಜೀವಂತ ತಂತಿ, ಕಪ್ಪು ನ್ಯೂಟ್ರಲ್, ಹಸಿರು ಭೂಸಂಪರ್ಕ. ಯೂರೋಪಿನ ಪದ್ಧತಿಯಲ್ಲಿ ಕಂದು ಜೀವಂತ, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆ ಭೂಸಂಪರ್ಕ. ಈಗ ಬರುವ ಹೆಚ್ಚಿನ ಯಂತ್ರಗಳಲ್ಲಿ ಇದೇ ಇರುತ್ತದೆ. ಅಮೆರಿಕದಲ್ಲಿ ಮಾತ್ರ ಕಪ್ಪು ಜೀವಂತ, ಬಿಳಿ ನ್ಯೂಟ್ರಲ್. ಎಂದರೆ ನಮ್ಮ ಹಿರಿಯ ಎಲೆಕ್ಟ್ರಿಷಿಯನ್ನರ ಕೈಗೆ ನಿರಪಾಯವೆಂದು ಪರಿಚಿತವಾದ ಬಣ್ಣವೇ ಅಲ್ಲಿ ಅಪಾಯದ ಬಣ್ಣ.

ಮೂರನೆಯ ಕಡ್ಡಿ, ಎಂದರೆ ಭೂಸಂಪರ್ಕದ ಕಡ್ಡಿ, ಇಲ್ಲದಿದ್ದರೂ ಯಂತ್ರ ನಡೆಯುತ್ತದೆ. ಅದನ್ನು ಬಿಟ್ಟುಬಿಡುವುದಕ್ಕೆ ಇದೇ ಕಾರಣ. ಯಂತ್ರದೊಳಗೆ ಜೀವಂತ ತಂತಿ ಲೋಹದ ಮೈಗೆ ತಾಗಿದ ದಿನ, ಪ್ರವಾಹಕ್ಕೆ ನೆಲಕ್ಕಿಳಿಯಲು ಆ ತಂತಿ ಇಲ್ಲದಿದ್ದರೆ, ದಾರಿ ಮುಟ್ಟಿದವರ ಮೈಯೇ. ಬೀದರ ಪ್ರಸ್ಥಭೂಮಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಇಲ್ಲಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಬೇಗ ಬಸಿದುಬಿಡುತ್ತದೆ. ಬೇಸಿಗೆಯಲ್ಲಿ ಒಣಗಿದ ಅಂತಹ ನೆಲ ವಿದ್ಯುತ್ತನ್ನು ಸರಿಯಾಗಿ ಒಯ್ಯಲಾರದು. ಹಿತ್ತಲಿನ ಗುಂಡಿಯಲ್ಲಿ ಹೂತ ಕೊಳವೆಯ ಸುತ್ತ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಹೊಯ್ಯುವ ವಾಡಿಕೆ ಇದೆಯಲ್ಲ, ಅದು ಮೂಢಾಚಾರವಲ್ಲ: ನೀರಿನಲ್ಲಿ ಕರಗಿದ ಉಪ್ಪಿನ ಅಯಾನುಗಳೇ ಅಲ್ಲಿ ಪ್ರವಾಹವನ್ನು ಹೊತ್ತು ಒಯ್ಯುವ ಕೂಲಿಗಳು. ಯಂತ್ರದ ಬೆನ್ನಿನಲ್ಲಿ ಒಂದರೊಳಗೊಂದು ಎರಡು ಚೌಕಗಳ ಚಿಹ್ನೆ ಇದ್ದರೆ ಅದಕ್ಕೆ ಇಮ್ಮಡಿ ನಿರೋಧಕ ಹೊದಿಕೆ ಇದೆಯೆಂದೂ ಭೂಸಂಪರ್ಕ ಬೇಕಿಲ್ಲವೆಂದೂ ಅರ್ಥ. ಆ ಚಿಹ್ನೆ ಇಲ್ಲದ ಲೋಹದ ಯಂತ್ರಕ್ಕೆ ಎರಡು ಕಡ್ಡಿಯ ಪ್ಲಗ್ಗು ಹಾಕಬಾರದು.

ಟಿ.ವಿ.ಯ ಕಥೆ ಈಗ ಬಹುಮಟ್ಟಿಗೆ ಇತಿಹಾಸವಾಗಿದೆ, ಆದರೂ ಸ್ವಾರಸ್ಯವಾದದ್ದು. ಅಮೆರಿಕದವರು 1953ರಲ್ಲಿ ಒಪ್ಪಿಕೊಂಡ ಬಣ್ಣದ ಪದ್ಧತಿಯಲ್ಲಿ ಚಿತ್ರವನ್ನು 525 ಗೆರೆಗಳಾಗಿ, ಸೆಕೆಂಡಿಗೆ ಸುಮಾರು 30 ಚಿತ್ರಗಳಂತೆ ಕಳಿಸುತ್ತಿದ್ದರು. ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ, ಭಾರತವು 1982ರಲ್ಲಿ ಏಷ್ಯನ್ ಕ್ರೀಡೆಗಳ ವರ್ಷ ಅಳವಡಿಸಿಕೊಂಡ ‘ಪಾಲ್’ ಪದ್ಧತಿಯಲ್ಲಿ 625 ಗೆರೆಗಳು, 25 ಚಿತ್ರಗಳು. 30 ಮತ್ತು 25 ಎಂಬುವು 60 ಮತ್ತು 50ರ ಅರ್ಧಗಳೆಂಬುದನ್ನು ಓದುಗರು ಗಮನಿಸಿರಬಹುದು. ವಿದ್ಯುತ್ತಿನ ಆವರ್ತಕ್ಕೆ ಹೊಂದಿಸಿಕೊಂಡರೆ ಪರದೆಯ ಮೇಲೆ ಅಲೆಯುವ ನೆರಳುಪಟ್ಟಿಗಳು ಕಾಡುವುದಿಲ್ಲವೆಂದು ಹಾಗೆ ಮಾಡಿದ್ದರು. ಅಮೆರಿಕದ ಸೆಟ್ಟು ಇಲ್ಲಿ ಚಿತ್ರವನ್ನೇ ತೋರಿಸುತ್ತಿರಲಿಲ್ಲ. ಹಾಂಗ್‌ಕಾಂಗಿನಿಂದ ತಂದ ಸೆಟ್ಟು ಇನ್ನೂ ವಿಚಿತ್ರ. ಅಲ್ಲಿಯೂ ‘ಪಾಲ್’ ಪದ್ಧತಿಯೇ ಇದ್ದುದರಿಂದ ಬಣ್ಣದ ಚಿತ್ರ ಸೊಗಸಾಗಿ ಬರುತ್ತಿತ್ತು, ಆದರೆ ಧ್ವನಿ ಇಲ್ಲ! ಚಿತ್ರದ ಅಲೆಗೂ ಧ್ವನಿಯ ಅಲೆಗೂ ನಡುವೆ ಅಲ್ಲಿ 6 ಮೆಗಾಹರ್ಟ್ಸ್ ಅಂತರ, ನಮ್ಮಲ್ಲಿ 5.5, ಸೆಟ್ಟು ಧ್ವನಿಯನ್ನು ತಪ್ಪಾದ ಜಾಗದಲ್ಲಿ ಹುಡುಕುತ್ತಿತ್ತು. ಕೊಲ್ಲಿ ನಾಡಿನ ಅಂಗಡಿಗಳಲ್ಲಿ ‘ಮಲ್ಟಿ ಸಿಸ್ಟಮ್’ ಎಂಬ ಮಾತಿಗೆ ಅಷ್ಟು ಬೆಲೆ ಇದ್ದದ್ದು ಇದಕ್ಕಾಗಿಯೇ. ಈಗ ಸೆಟ್‌ಟಾಪ್ ಪೆಟ್ಟಿಗೆಯಿಂದ ಅಂಕೀಯ ರೂಪದಲ್ಲಿ ಚಿತ್ರ ಬರುವುದರಿಂದ ಆ ತಂಟೆ ಹೋಗಿದೆ.

ಅದು ಮೊಬೈಲಿಗೆ ವರ್ಗವಾಗಿದೆ ಎನ್ನಬೇಕು. ಮೊಬೈಲೆಂಬುದು ಮೂಲತಃ ರೇಡಿಯೋ. ಯಾವ ಯಾವ ಅಲೆಗಳನ್ನು ಹಿಡಿಯಬೇಕೆಂಬುದನ್ನು ಅದರ ಆಂಟೆನಾ, ಶೋಧಕಗಳಲ್ಲಿ ಮೊದಲೇ ನಿರ್ಧರಿಸಿರುತ್ತಾರೆ. ಜಿ.ಎಸ್.ಎಂ. ಪದ್ಧತಿಯಲ್ಲಿ ನಮಗೆ 900 ಮತ್ತು 1,800 ಮೆಗಾಹರ್ಟ್ಸ್ ಅಲೆಗಳಾದರೆ ಅಮೆರಿಕಕ್ಕೆ 850 ಮತ್ತು 1,900. 4ಜಿ, 5ಜಿಗಳಲ್ಲಿ ಪಟ್ಟಿಗಳ ಸಂಖ್ಯೆ ಇನ್ನೂ ಹೆಚ್ಚು. ಭಾರತದಲ್ಲಿ 4ಜಿಗೆ 3, 5, 8, 40 ಎಂಬ ಸಂಖ್ಯೆಯ ಪಟ್ಟಿಗಳೂ 5ಜಿಗೆ 78 ಎಂಬುದೂ ಮುಖ್ಯವಾದವು. ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯ ಕೊನೆಯ ಒಂದು ಅಕ್ಷರ ಬೇರೆಯಾದರೂ ಒಳಗಿನ ಪಟ್ಟಿಗಳು ಬೇರೆಯಾಗಿರಬಹುದು. ಇನ್ನೊಂದು ಅನುಭವ ಹಲವರನ್ನು ಬೆರಗುಗೊಳಿಸಿದೆ: ಇಂಟರ್‌ನೆಟ್ಟು ಬರುತ್ತದೆ, ಆದರೆ ಮಾತನಾಡಲಾಗುವುದಿಲ್ಲ. 2016ರಲ್ಲಿ ಆರಂಭವಾದ ಜಿಯೋ ಜಾಲದಲ್ಲಿ 2ಜಿ, 3ಜಿಗಳು ಇಲ್ಲವೇ ಇಲ್ಲ. ಮಾತೂ 4ಜಿಯ ಮೂಲಕವೇ ಹೋಗಬೇಕು. ಆ ಸೌಕರ್ಯವನ್ನು ಭಾರತದ ಜಾಲಕ್ಕಾಗಿ ಅಳವಡಿಸಿರದ ಮೊಬೈಲು ಇಲ್ಲಿ ಮೂಕವಾಗುತ್ತದೆ. ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಮೊಬೈಲು ಆ ಕಂಪೆನಿಯ ಸಿಮ್ಮಿಗೇ ಬೀಗ ಹಾಕಿಸಿಕೊಂಡಿರುವುದುಂಟು. 2022ರ ಐಫೋನ್ 14ರಿಂದೀಚೆಗೆ ಅಮೆರಿಕದ ಮಾದರಿಗಳಲ್ಲಿ ಸಿಮ್ಮು ತೂರಿಸುವ ಕಂಡಿಯೇ ಇಲ್ಲ, ಇ-ಸಿಮ್ ಮಾತ್ರ. ವೈ-ಫೈಯಲ್ಲಿಯೂ ಹೀಗೊಂದು ಸಣ್ಣ ವ್ಯತ್ಯಾಸವಿದೆ: ಅಲ್ಲಿ ಸಾಮಾನ್ಯವಾಗಿ ಬಳಸುವುದು 1ರಿಂದ 11ರ ವರೆಗಿನ ಮಾರ್ಗಗಳನ್ನು, ಇಲ್ಲಿ 13ರ ವರೆಗೆ. ಮನೆಯ ರೌಟರು 13ರಲ್ಲಿದ್ದರೆ ಅಲ್ಲಿನ ಕೆಲವು ಯಂತ್ರಗಳಿಗೆ ಅದು ಕಾಣಿಸುವುದೇ ಇಲ್ಲ.

ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆಗಳು ಕೆಲವಿವೆ. ಪೆಟ್ಟಿಗೆಯನ್ನು ತೆರೆಸಿ ಯಂತ್ರದ ಬೆನ್ನನ್ನೇ ನೋಡಬೇಕು; ಪೆಟ್ಟಿಗೆಯ ಮೇಲಿನ ಬರಹವನ್ನಲ್ಲ. ಮೊಬೈಲಿನಲ್ಲಿ ನಕ್ಷತ್ರ, ಹ್ಯಾಷ್, 06, ಹ್ಯಾಷ್ ಒತ್ತಿದರೆ ಬರುವ 15 ಅಂಕೆಗಳ ಐ.ಎಂ.ಇ.ಐ. ಸಂಖ್ಯೆಯು ಪೆಟ್ಟಿಗೆಯ ಮೇಲಿನದಕ್ಕೆ ತಾಳೆಯಾಗಬೇಕು. ಪವರ್ ಬ್ಯಾಂಕನ್ನು ಕೊಳ್ಳುವುದಾದರೆ ವಿಮಾನದ ನಿಯಮವನ್ನು ನೆನಪಿಡಬೇಕು: 100 ವಾಟ್-ಗಂಟೆಯ ವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು, ಸರಕಿನ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. 20,000 ಮಿಲಿಆಂಪಿಯರ್-ಗಂಟೆ ಎಂದರೆ 20 ಆಂಪಿಯರ್-ಗಂಟೆ. ಅದನ್ನು ಲಿಥಿಯಂ ಕೋಶದ 3.7 ವೋಲ್ಟಿನಿಂದ ಗುಣಿಸಿದರೆ 74 ವಾಟ್-ಗಂಟೆ. ಮಿತಿಯೊಳಗೆ ಇದೆ. 30,000ದ್ದಾದರೆ 111, ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾದೀತು.

ಕೊನೆಗೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದ ಕಸ್ಟಮ್ಸ್ ಕಟ್ಟೆ. 2016ರ ನಿಯಮಗಳು ಸಾಮಾನ್ಯ ಪ್ರಯಾಣಿಕನಿಗೆ 50,000 ರೂಪಾಯಿಯ ವರೆಗಿನ ಸಾಮಾನನ್ನು ಸುಂಕವಿಲ್ಲದೆ ತರಲು ಬಿಟ್ಟವು. ಹಲವು ತಿಂಗಳು, ವರ್ಷ ಹೊರಗೆ ದುಡಿದು ಮರಳುವವರ ಗೃಹವಸ್ತುಗಳಿಗೆ ಬೇರೆ ರಿಯಾಯಿತಿ ಇತ್ತು. ಇಂತಹ ಮಿತಿಗಳನ್ನು ಸರ್ಕಾರವು ಆಗಾಗ ಬದಲಿಸುತ್ತದೆ, ಆದುದರಿಂದ ಟಿಕೇಟು ಕೊಳ್ಳುವಾಗಲೇ ಹೊಸ ಮಿತಿಯನ್ನು ವಿಚಾರಿಸುವುದು ಒಳ್ಳೆಯದು. ಚಪ್ಪಟೆ ಪರದೆಯ ಟಿ.ವಿ.ಗೆ ಮಾತ್ರ ಈ ರಿಯಾಯಿತಿ 2013ರ ಆಗಸ್ಟಿನಲ್ಲೇ ರದ್ದಾಯಿತು. ರೂಪಾಯಿ ಕುಸಿಯುತ್ತಿದ್ದ ಆ ದಿನಗಳಲ್ಲಿ ವಿಮಾನಗಳ ತುಂಬ ಟಿ.ವಿ.ಗಳು ಬರುತ್ತಿದ್ದವು. 2018ರ ಹೊತ್ತಿಗೆ ಮೇಲುತೆರಿಗೆಯೂ ಸೇರಿ ಸುಂಕ ನೂರಕ್ಕೆ 38.5 ಆಯಿತು: 40,000 ರೂಪಾಯಿಯ ಟಿ.ವಿ.ಗೆ 15,400. ದುಬೈ ಅಂಗಡಿಯವನು ಬಿಟ್ಟುಕೊಟ್ಟ ಬೆಲೆಯೆಲ್ಲ ಈ ಕಟ್ಟೆಯ ಮೇಲೆ ಕರಗಿಹೋಗುತ್ತಿತ್ತು.

ಕಟ್ಟೆಯಲ್ಲಿ ಬೆಲೆಯನ್ನು ತೋರಿಸಲೂ, ಮುಂದೆ ರಿಪೇರಿಗೆ ಖಾತರಿಯನ್ನು ಕೇಳಲೂ ಬೇಕಾದದ್ದು ಅಂಗಡಿಯ ಬಿಲ್ಲು. ಖಾತರಿಯು ಭಾರತದಲ್ಲಿಯೂ ಸಲ್ಲುವುದೇ ಎಂಬುದನ್ನು ಅಂಗಡಿಯಲ್ಲೇ ಬರಹದಲ್ಲಿ ನೋಡಿಕೊಳ್ಳಬೇಕು. ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಹಾಗೆ ಸಲ್ಲುತ್ತದೆ, ಮೊಬೈಲುಗಳಲ್ಲಿ ಹಲವಕ್ಕೆ ಕೊಂಡ ದೇಶದಲ್ಲಿ ಮಾತ್ರ. ಮಾಲಿನ ಬಿಲ್ಲು ಸಾಮಾನ್ಯವಾಗಿ ಶಾಯಿಯಿಂದ ಮುದ್ರಿತವಾದುದಲ್ಲ. ಶಾಖ ತಗುಲಿದಲ್ಲಿ ಕಪ್ಪಾಗುವ ರಾಸಾಯನಿಕದ ಲೇಪವುಳ್ಳ ನುಣುಪು ಕಾಗದದ ಮೇಲೆ ಬಿಸಿ ಸೂಜಿಮೊನೆಗಳಂತಹ ಬಿಂದುಗಳು ಬರೆದ ಅಕ್ಷರಗಳು ಅವು. ಬೆಳಕಿಗೂ ಪ್ಲಾಸ್ಟಿಕ್ ಚೀಲದ ಎಣ್ಣೆಯಂಶಕ್ಕೂ ಅವು ಮಾಸುತ್ತವೆ. ಬಿಸಿಲಿನಲ್ಲಿ ನಿಂತ ಬಸ್ಸಿನ ಕಿಟಕಿಯ ಬಳಿ ಇಟ್ಟರೆ ಕಾಗದವೇ ಕಪ್ಪಾಗುತ್ತದೆ. ಕೊಂಡ ದಿನವೇ ಅದರ ಚಿತ್ರವನ್ನು, ಯಂತ್ರದ ಬೆನ್ನಿನ ಚಿತ್ರದೊಡನೆ, ತೆಗೆದಿಟ್ಟುಕೊಳ್ಳಬೇಕು.